ತಂಬೂರಿಗೆ ತಂತಿ ಕಟ್ಟುವುದು

ಸಂಗೀತದ ವಾಸನೆಯುಳ್ಳ ಹಳೆಯ ಮನೆಗಳನ್ನು ಹೊಕ್ಕು ನೋಡಿದರೆ, ನಡುಮನೆಯ ಮೂಲೆಯಲ್ಲಿಯೋ ದೇವರ ಕೋಣೆಯ ಬಾಗಿಲ ಹಿಂದೆಯೋ ಗವುಸು ತೊಟ್ಟು ನಿಂತಿರುವ ತಂಬೂರಿಯೊಂದು ಕಣ್ಣಿಗೆ ಬೀಳದೆ ಇರದು. ನವರಾತ್ರಿಯಲ್ಲಿ ಅದರ ಧೂಳೊರೆಸಿ, ಪುಸ್ತಕಗಳ ಪಕ್ಕದಲ್ಲಿ ಇರಿಸಿ, ಗಂಧ ಹೂವುಗಳನ್ನೇರಿಸಿ ಸರಸ್ವತೀಪೂಜೆ ಮಾಡುವರು. ವಿಜಯದಶಮಿ ಕಳೆದೊಡನೆ ಮತ್ತೆ ಗವುಸು, ಮತ್ತೆ ಮೂಲೆ. ಇದನ್ನು ಮೀಟುವವರು ಯಾರೆಂದು ಕೇಳಿದರೆ ಬಹುಮಟ್ಟಿಗೆ ದೊರೆಯುವ ಉತ್ತರ ಒಂದೇ: “ತಂತಿ ಹೋಗಿದೆ. ಕಟ್ಟಿಸಬೇಕು.” ಈ ‘ಕಟ್ಟಿಸಬೇಕು’ ಎಂಬ ಮಾತಿಗೆ ಕೆಲವು ಮನೆಗಳಲ್ಲಿ ಹತ್ತು ವರ್ಷ, ಕೆಲವು ಮನೆಗಳಲ್ಲಿ ಮೂವತ್ತು ವರ್ಷ ವಯಸ್ಸಾಗಿರುವುದನ್ನು ನಾವು ಬಲ್ಲೆವು.

ತಂತಿಯೆಂದರೆ ಎಷ್ಟರ ವಸ್ತು? ನಾಲ್ಕು ತಂತಿಗಳಿಗೂ ಕೂಡಿ ತಗಲುವ ಹಣ ಒಂದು ಸಂಸಾರದ ಒಂದೆರಡು ದಿನಗಳ ತರಕಾರಿಯ ವೆಚ್ಚವನ್ನು ಮೀರುವಂತಹುದಲ್ಲ. ಕಟ್ಟುವ ಕೆಲಸವೂ ಒಂದು ಮಧ್ಯಾಹ್ನದ್ದು. ಹಿಂದೆ ಹಾಡು ಕಲಿತ ಹೆಂಗಸರು ಮನೆಯಲ್ಲಿಯೇ ಕೂತು, ಹೂ ಕಟ್ಟುವಷ್ಟೇ ಸಲೀಸಾಗಿ ಇದನ್ನು ಮಾಡಿಕೊಳ್ಳುತ್ತಿದ್ದರು. ಈಗ ಅದೇಕೋ ಇದು ಬಲ್ಲಿದರ ಕೆಲಸವೆಂಬ ಅಂಜಿಕೆ ಹುಟ್ಟಿಕೊಂಡಿದೆ. ವಾದ್ಯ ಮಾಡುವವರ ಅಂಗಡಿಗಳೋ ಎಲ್ಲ ಊರುಗಳಲ್ಲಿಯೂ ಇಲ್ಲ. ಇರುವಲ್ಲಿಗೆ ಆಳುದ್ದದ ಈ ವಾದ್ಯವನ್ನು ಸಾಗಿಸುವುದು ಸುಲಭವಲ್ಲ. ಹೀಗಿರಲು ಎಷ್ಟೋ ಒಳ್ಳೆಯ ತಂಬೂರಿಗಳು ನಾಲ್ಕು ಎಳೆ ತಂತಿಯಿಲ್ಲದೆ ಮೂಕವಾಗಿ ಕುಳಿತಿವೆ.

ಅಂಗೈಯಗಲದ ವಿದ್ಯುತ್ ಪೆಟ್ಟಿಗೆಯೊಂದು ಗುಂಡಿ ಒತ್ತಿದೊಡನೆ ಶ್ರುತಿ ಹಿಡಿಯುತ್ತಿರುವಾಗ ಇಷ್ಟೆಲ್ಲ ಗೊಡವೆ ಏಕೆಂದು ವಾಚಕರಲ್ಲಿ ಕೆಲವರು ಕೇಳಬಹುದು. ಆ ಪೆಟ್ಟಿಗೆಯನ್ನು ನಾವು ಹಳಿಯುವವರಲ್ಲ. ನಮ್ಮ ಬೆಂಗಳೂರಿನಲ್ಲಿಯೇ ತಯಾರಾದ ಅಂತಹ ಪೆಟ್ಟಿಗೆಯೊಂದು ನಮ್ಮ ಮನೆಯಲ್ಲಿಯೂ ಇದೆ. ಪಯಣಕ್ಕೆ ಅದರಷ್ಟು ಅನುಕೂಲವಾದುದು ಇನ್ನೊಂದಿಲ್ಲ. ಈಗಂತೂ ಕೈಯಲ್ಲಿ ಹಿಡಿಯುವ ದೂರವಾಣಿಯೇ ತಂಬೂರಿಯಾಗಿ ನುಡಿಯುತ್ತದೆ. ಆದರೆ ಪೆಟ್ಟಿಗೆಯ ಶ್ರುತಿಯನ್ನು ನಾವು ಕೇಳುತ್ತೇವೆ. ತಂಬೂರಿಯ ಶ್ರುತಿಯನ್ನು ನಾವು ಕೂಡಿಸುತ್ತೇವೆ. ಕೂಡಿಸುವ ಆ ಕಾಲು ಗಂಟೆಯಲ್ಲಿ ಕಿವಿಗೆ ಆಗುವ ಪಾಠ ಬೇರೊಂದು ಬಗೆಯಲ್ಲಿ ಆಗಲಾರದೆಂಬುದು ನಮ್ಮ ಅಭಿಪ್ರಾಯ.

ಈ ವಿಷಯವನ್ನು ಬರೆಯಲು ನಮಗೆ ಇರುವ ಅಧಿಕಾರವಾದರೂ ಏನೆಂದರೆ, ಒಂದು ತಂಬೂರಿಯನ್ನು ನಾವೇ ಕೆಡಿಸಿದ್ದೇವೆ.

ಐವತ್ತು ವರ್ಷಗಳ ಹಿಂದಿನ ಮಾತು. ಮೈಸೂರಿನ ನಮ್ಮ ಮನೆಯಲ್ಲಿ ಸೋದರತ್ತೆಯೊಬ್ಬರಿದ್ದರು. ಚಿಕ್ಕ ವಯಸ್ಸಿನಲ್ಲಿಯೇ ತವರಿಗೆ ಹಿಂದಿರುಗಿ ಬಂದವರು. ಬರುವಾಗ ತಂದುದು ಒಂದು ಪೆಟ್ಟಿಗೆ ಬಟ್ಟೆ ಮತ್ತು ಒಂದು ತಂಬೂರಿ. ದಿನವೂ ಬೆಳಗಿನ ಜಾವದಲ್ಲಿ, ಒಲೆ ಹೊತ್ತಿಸುವುದಕ್ಕೆ ಮೊದಲು, ಹಿತ್ತಿಲ ಕಡೆಯ ಜಗಲಿಯಲ್ಲಿ ಕುಳಿತು ಎರಡೋ ಮೂರೋ ಪದಗಳನ್ನು ಹಾಡಿಕೊಳ್ಳುವರು. ಅವರ ಕಂಠ ದೊಡ್ಡದೇನಲ್ಲ. ಯಾರಿಗೂ ಕೇಳಿಸಬೇಕೆಂಬ ಹಂಬಲವೂ ಅವರಿಗಿರಲಿಲ್ಲ. ಆ ತಂಬೂರಿಯ ದನಿಯಲ್ಲಿಯೇ ನಮ್ಮ ಮನೆಯ ಮಕ್ಕಳೆಲ್ಲ ಕಣ್ಣು ಬಿಡುತ್ತಿದ್ದೆವು.

ಒಮ್ಮೆ ಅತ್ತೆ ನೆಂಟರ ಮದುವೆಗೆಂದು ನಾಲ್ಕು ದಿನ ಪರಸ್ಥಳಕ್ಕೆ ಹೋದರು. ತಂತಿಗಳು ತುಕ್ಕು ಹಿಡಿದಿವೆ, ಹೊಸದನ್ನು ಕಟ್ಟಬೇಕು ಎಂದು ಅವರು ಹೇಳುತ್ತಿದ್ದುದು ನಮ್ಮ ಕಿವಿಯಲ್ಲಿತ್ತು. ಅವರು ಬರುವುದರೊಳಗೆ ಕಟ್ಟಿಟ್ಟು ಬೆರಗುಗೊಳಿಸಬೇಕೆಂದು ನಮ್ಮ ಹದಿನಾರರ ಬುದ್ಧಿಗೆ ತೋರಿತು. ಅಂಗಡಿಯಿಂದ ತಂತಿ ತಂದೆವು. ಶುಚಿಯಾಗಿ ಕೆಲಸ ಮಾಡಬೇಕೆಂಬ ಉತ್ಸಾಹದಲ್ಲಿ ನಾಲ್ಕು ಬಿರಡೆಗಳನ್ನೂ ಸಡಿಲಿಸಿ, ನಾಲ್ಕು ತಂತಿಗಳನ್ನೂ ಒಟ್ಟಿಗೆ ಕಳಚಿ, ಹಲಗೆಯನ್ನು ಒರೆಸೋಣವೆಂದು ವಾದ್ಯವನ್ನು ಎತ್ತಿ ನಿಲ್ಲಿಸಿದೆವು. ಕುದುರೆ ಜಾರಿ ಕಲ್ಲುಹಾಸಿನ ಮೇಲೆ ಬಿದ್ದಿತು. ಒಂದು ಕಾಲಿನ ಅಂಚು ಸೀಳಿತು. ತಂತಿಯ ಕೆಳಗಿದ್ದ ನಾಲ್ಕು ದಾರದ ತುಣುಕುಗಳು ಎಲ್ಲಿ ಹೋದವೋ ತಿಳಿಯಲಿಲ್ಲ. ಅವುಗಳನ್ನು ಕಸವೆಂದೇ ನಾವು ತಿಳಿದಿದ್ದೆವು.

ಹೆದರಿ, ಬೀದಿಯ ಕೊನೆಯಲ್ಲಿದ್ದ ಬಡಗಿಯೊಬ್ಬನ ಬಳಿಗೆ ಕುದುರೆಯನ್ನು ಒಯ್ದೆವು. ಬಾಗಿಲು ಕಿಟಕಿಗಳ ಕೆಲಸದಲ್ಲಿ ಆತ ನುರಿತವನು, ಒಳ್ಳೆಯವನು. ಸೀಳಿದ ಕಾಲನ್ನು ಅಂಟಿಸಿಕೊಟ್ಟುದಲ್ಲದೆ, ಮೇಲ್ಭಾಗ ಉಬ್ಬುತಗ್ಗಾಗಿದೆಯೆಂದು ಕನಿಕರಿಸಿ, ಬಾಗಿಲುಗಳನ್ನು ನುಣುಪುಗೊಳಿಸುವ ಉಪ್ಪುಕಾಗದದಿಂದ ಉಜ್ಜಿ ಗಾಜಿನಂತೆ ಮಟ್ಟಮಾಡಿಕೊಟ್ಟನು. ಕಾಸು ತೆಗೆದುಕೊಳ್ಳಲಿಲ್ಲ. ತಂಬೂರಿಯ ಪ್ರಾಣವಿದ್ದುದು ಆ ಉಬ್ಬಿನಲ್ಲಿಯೇ ಎಂಬುದು ಅವನಿಗೂ ತಿಳಿಯದು, ನಮಗೂ ತಿಳಿಯದು.

ಅತ್ತೆ ಬಂದರು. ಹೊಸ ತಂತಿಗಳನ್ನು ನೋಡಿ ಮುಖವರಳಿಸಿದರು. ಬೆರಳಾಡಿಸಿದರು. ಠಣ್ ಎಂದು ತಗಡಿನ ಡಬ್ಬಿಯಂತೆ ಸದ್ದಾಗಿ ಆರಿಹೋಯಿತು. ಮತ್ತೊಮ್ಮೆ ಮೀಟಿದರು. ಕುದುರೆಯ ಮೇಲೆ ಬೆರಳು ಸವರಿ ನೋಡಿ, ತಂಬೂರಿಯನ್ನು ಮೆಲ್ಲಗೆ ಗೋಡೆಗೆ ಒರಗಿಸಿ, “ಹೋಗಲಿ ಬಿಡು ಮಗು, ನಿನಗೇನು ಗೊತ್ತು” ಎಂದಿಷ್ಟೇ ಹೇಳಿ ಒಳಕ್ಕೆ ಹೋದರು. ಬೈದಿದ್ದರೆ ಚೆನ್ನಾಗಿತ್ತು. ಆ ಮೇಲೆ ಹನ್ನೊಂದು ತಿಂಗಳು ಅವರು ಹಾಡಲಿಲ್ಲ. ಶ್ರುತಿಯಿಲ್ಲದೆ ಹಾಡುವುದು ಅವರ ಅಭ್ಯಾಸವಲ್ಲ. ಹಾರ್ಮೋನಿಯಂ ಅವರಿಗೆ ಒಗ್ಗದು. ಆ ಹನ್ನೊಂದು ತಿಂಗಳು ನಮ್ಮ ಮನೆಯಲ್ಲಿ ಬೆಳಗಾದುದು ಹಾಲಿನವನ ಕೂಗಿನಿಂದ.

ಕೊನೆಗೆ ವೀಣೆ ಮಾಡುವ ವೃದ್ಧರೊಬ್ಬರನ್ನು ಹುಡುಕಿಕೊಂಡು ಹೋಗಿ ತಪ್ಪೊಪ್ಪಿಕೊಂಡೆವು. ಅವರು ಅರ್ಧ ದಿವಸ ಕುಳಿತು, ಅರದಿಂದ ಕುದುರೆಯ ಮೇಲೆ ಎರಡೆಳೆ ಉಜ್ಜುವುದು, ತಂತಿಯೇರಿಸಿ ಕೇಳುವುದು, ಇಳಿಸಿ ಮತ್ತೆರಡೆಳೆ ಉಜ್ಜುವುದು, ಹೀಗೆ ಮಾಡುತ್ತ ಮಾಡುತ್ತ ಆ ಹಳೆಯ ಉಬ್ಬನ್ನು ಮರಳಿ ತಂದರು. ತಂಬೂರಿ ಮನೆಗೆ ಬಂದ ದಿನ ಅತ್ತೆ ನಮ್ಮನ್ನು ಎದುರಿಗೆ ಕೂರಿಸಿಕೊಂಡು, ತಂತಿ ಕಟ್ಟುವುದನ್ನು ಮೊದಲಿನಿಂದ ಹೇಳಿಕೊಟ್ಟರು. ಮುಂದೆ ಬರೆಯುವುದೆಲ್ಲ ಅವರಿಂದ ಕಲಿತುದು. ಅದಕ್ಕೆ ಕಾರಣಗಳನ್ನು ನಾವು ಆ ಬಳಿಕ ಓದಿ ತಿಳಿದುಕೊಂಡೆವು.

ತಂಬೂರಿಗೆ ವೀಣೆಯಂತೆ ಮೆಟ್ಟಿಲುಗಳಿಲ್ಲ. ಹಲಸಿನ ಮರದಲ್ಲಿ ತೋಡಿದ ಬುರುಡೆ, ಅದನ್ನು ಮುಚ್ಚಿದ ತೆಳು ಹಲಗೆ, ಟೊಳ್ಳಾದ ಉದ್ದನೆಯ ದಂಡಿ, ಮೇಲ್ತುದಿಯಲ್ಲಿ ನಾಲ್ಕು ಬಿರಡೆ, ಹಲಗೆಯ ಮೇಲೆ ಒಂದು ಅಗಲವಾದ ಕುದುರೆ. ಇಷ್ಟೇ ಅದರ ಸಂಸಾರ. ಈ ಕುದುರೆಗೆ ಮೊಳೆಯಿಲ್ಲ. ಎಷ್ಟೋ ತಂಬೂರಿಗಳಲ್ಲಿ ಅಂಟೂ ಇಲ್ಲ. ನಾಲ್ಕು ತಂತಿಗಳು ಮೇಲಿನಿಂದ ಅದುಮಿ ಹಿಡಿದಿರುವುದರಿಂದಲೇ ಅದು ತನ್ನ ಸ್ಥಳದಲ್ಲಿ ನಿಂತಿದೆ. ದಂಡಿಯೂ ಹಲಗೆಯೂ ವರ್ಷಗಟ್ಟಲೆ ಆ ಎಳೆತಕ್ಕೆ ಒಗ್ಗಿಕೊಂಡಿರುವುವು. ಆದುದರಿಂದ ತಂತಿಗಳನ್ನು ಒಂದೊಂದಾಗಿಯೇ ಬದಲಾಯಿಸತಕ್ಕದ್ದು. ಒಂದನ್ನು ತೆಗೆದು ಅದರ ಸ್ಥಳದಲ್ಲಿ ಹೊಸದನ್ನು ಕಟ್ಟಿ ಬಿಗಿದ ಮೇಲೆಯೇ ಎರಡನೆಯದಕ್ಕೆ ಕೈಹಾಕತಕ್ಕದ್ದು. “ಒಂದು ಬಿಚ್ಚಿದರೆ ಮೂರು ಕಾಯುತ್ತವೆ; ನಾಲ್ಕೂ ಬಿಚ್ಚಿದರೆ ಯಾರು ಕಾಯಬೇಕು?” ಎಂದು ಅತ್ತೆ ಕೇಳಿದ್ದರು. ಕುದುರೆ ನಿಂತಿರುವ ಸ್ಥಳದ ಸುತ್ತಲೂ ಸೀಸದ ಕಡ್ಡಿಯಿಂದ ತೆಳುವಾಗಿ ಗುರುತು ಮಾಡಿಕೊಂಡರೆ ಇನ್ನೂ ಕ್ಷೇಮ. ಕೂದಲೆಳೆಯಷ್ಟು ಸರಿದರೂ ಆ ಗುರುತು ಹೇಳುವುದು.

ಇನ್ನು ಕುದುರೆಯ ಉಬ್ಬಿನ ವಿಚಾರ. ಪಿಟೀಲಿನ ಕುದುರೆಯಂತೆ ಇದರ ಮೇಲಂಚು ಚೂಪಾಗಿಲ್ಲ; ಎರಡು ಬೆರಳಗಲದ ಇಳಿಜಾರಾದ ಬೆನ್ನಿದೆ. ತಂತಿ ಅದುರುವಾಗ ಆ ಬೆನ್ನನ್ನು ಮುಟ್ಟಿ ಬಿಟ್ಟು ಮುಟ್ಟಿ ಬಿಟ್ಟು ಹೋಗುವುದು. ತಂಬೂರಿಯ ಝೇಂಕಾರ ಹುಟ್ಟುವುದು ಆ ಸ್ಪರ್ಶದಲ್ಲಿ. ಇದನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿ ಲೋಕಕ್ಕೆ ತಿಳಿಸಿದವರು ಸರ್ ಸಿ. ವಿ. ರಾಮನ್ನರು. ಬೆಳಕಿನ ವಿಷಯದಲ್ಲಿ ಅವರಿಗೆ 1930ರಲ್ಲಿ ನೊಬೆಲ್ ಪಾರಿತೋಷಕ ಬಂದುದನ್ನು ಎಲ್ಲರೂ ಬಲ್ಲರು. ಅದಕ್ಕೆ ಮೊದಲು, ಕಲ್ಕತ್ತೆಯಲ್ಲಿದ್ದಾಗ, 1921ರಲ್ಲಿ ಅವರು ತಂಬೂರಿ ಮತ್ತು ವೀಣೆಗಳನ್ನು ಕುರಿತು ಪ್ರಬಂಧವೊಂದನ್ನು ಬರೆದಿದ್ದರೆಂಬುದು ಅಷ್ಟಾಗಿ ತಿಳಿಯದ ಮಾತು. ತಂತಿಯೊಂದು ನುಡಿಯುವಾಗ ಮುಖ್ಯ ಸ್ವರದೊಡನೆ ಅನೇಕ ಉಪಸ್ವರಗಳೂ ಹುಟ್ಟುವುವಷ್ಟೆ. ತಂತಿಯ ಯಾವ ಬಿಂದುವಿನಲ್ಲಿ ಒಂದು ಉಪಸ್ವರದ ಅಲೆ ನಿಶ್ಚಲವಾಗಿರಬೇಕೋ ಆ ಬಿಂದುವಿನಲ್ಲಿಯೇ ಮೀಟಿದರೆ ಆ ಉಪಸ್ವರ ಹುಟ್ಟಲಾರದೆಂಬುದು ಯೂರೋಪಿನ ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಎಂಬ ಪಂಡಿತರ ನಿಯಮ. ನಮ್ಮ ತಂಬೂರಿ ಈ ನಿಯಮವನ್ನು ಮೀರುವುದೆಂದೂ, ಹುಟ್ಟಬಾರದ ಉಪಸ್ವರವೇ ಅದರಲ್ಲಿ ಬಲವಾಗಿ ಕೇಳುವುದೆಂದೂ, ಅದಕ್ಕೆ ಕಾರಣ ಕುದುರೆಯ ಬಾಗಿದ ಬೆನ್ನೇ ಎಂದೂ ರಾಮನ್ನರು ತೋರಿಸಿದರು. ಮುಂದೆ 1933ರಲ್ಲಿ ಅವರು ಬೆಂಗಳೂರಿಗೆ ಬಂದು ನಮ್ಮವರೇ ಆಗಿ ನೆಲೆಸಿದರು. ಅವರ ಪತ್ನಿ ಲೋಕಸುಂದರಿ ಅಮ್ಮಾಳರೂ ವೀಣೆ ನುಡಿಸುತ್ತಿದ್ದವರು. ಅಂತಹ ಮನೆಯಲ್ಲಿ ಇಂತಹ ಪ್ರಶ್ನೆ ಹುಟ್ಟಿದುದು ಸಹಜವೇ. ಇದನ್ನೆಲ್ಲ ಓದಿದಾಗ ನಮಗೆ ಮೊದಲು ನೆನಪಾದುದು ಆ ಬಡಗಿಯ ಉಪ್ಪುಕಾಗದ. ಕುದುರೆಯ ಬೆನ್ನನ್ನು ವಾದ್ಯ ಬಲ್ಲವರ ಹೊರತು ಇತರರು ಮುಟ್ಟಕೂಡದು.

ತಂತಿ ಕೊಳ್ಳುವಾಗ ‘ತಂಬೂರಿಯ ತಂತಿ’ ಎಂದು ಕೇಳಿ ಕೊಟ್ಟುದನ್ನು ತರುವುದು ಸಾಲದು. ಮೀಟುವ ಕ್ರಮದಲ್ಲಿ ಮೊದಲನೆಯದು ಪಂಚಮ, ಎರಡನೆಯದು ಸಾರಣಿ, ಮೂರನೆಯದು ಅನುಸಾರಣಿ, ನಾಲ್ಕನೆಯದು ಮಂದರ. ಹೆಣ್ಣುದನಿಯ ಎತ್ತರದ ಶ್ರುತಿಯ ತಂಬೂರಿಗೆ ಮೊದಲ ಮೂರು ಉಕ್ಕಿನ ತಂತಿ, ಮಂದರ ಮಾತ್ರ ಹಿತ್ತಾಳೆ. ತಗ್ಗು ಶ್ರುತಿಯ ಗಂಡುದನಿಯ ತಂಬೂರಿಗಳಲ್ಲಿ ಪಂಚಮವನ್ನೂ ಉಕ್ಕಿನ ಬದಲು ಹಿತ್ತಾಳೆಯಂತಹ ಮಿಶ್ರಲೋಹದಲ್ಲಿ ಕಟ್ಟುವುದುಂಟು. ತಂತಿಯ ದಪ್ಪ ಶ್ರುತಿಗೆ ತಕ್ಕಂತೆ ಇರಬೇಕು. ತೀರ ತೆಳುವಾದುದನ್ನು ತಗ್ಗು ಶ್ರುತಿಗೆ ಕಟ್ಟಿದರೆ ಜೋತುಬಿದ್ದು ಕುದುರೆಯ ಮೇಲೆ ಕರಕರಗುಟ್ಟುವುದು. ದಪ್ಪನಾದುದನ್ನು ಎತ್ತರಕ್ಕೆ ಎಳೆದರೆ ತಂತಿ ಕಡಿಯುವುದು ಹಾಗಿರಲಿ, ಹಲಗೆಯೇ ತಗ್ಗುವ ಭಯವುಂಟು. ಅಳತೆಯ ಅಂಕಿಗಳು ನೆನಪಿಲ್ಲದಿದ್ದರೆ ಚಿಂತೆಯಿಲ್ಲ. ಹಳೆಯ ನಾಲ್ಕು ತಂತಿಗಳಿಂದಲೂ ಒಂದೊಂದು ಗೇಣುದ್ದ ತುಂಡನ್ನು ಕಾಗದದಲ್ಲಿ ಸುತ್ತಿ, ಮೇಲೆ ಹೆಸರು ಬರೆದು, ಅಂಗಡಿಗೆ ಒಯ್ದರೆ ಅದಕ್ಕಿಂತ ಒಳ್ಳೆಯ ಅಳತೆಗೋಲಿಲ್ಲ. ಉಕ್ಕಿನ ತಂತಿ ಆಗಾಗ ಕಡಿಯುವುದರಿಂದ ಒಂದರ ಬದಲು ಎರಡು ತಂದಿಡುವುದು ಗೃಹಿಣಿಯ ಜಾಣತನ.

ಯಾವ ತಂತಿಗೆ ಆಯುಸ್ಸು ಮುಗಿಯಿತೆಂದು ತಿಳಿಯುವುದಕ್ಕೆ ಕಣ್ಣಿಗಿಂತ ಉಗುರು ಮೇಲು. ತಂತಿಯ ಉದ್ದಕ್ಕೂ ಉಗುರು ಸವರಿಕೊಂಡು ಹೋಗಿರಿ. ಎಲ್ಲಿಯೂ ತಡೆಯದಿದ್ದರೆ ಸರಿ. ಮರಳು ಸಿಕ್ಕಿದಂತಾದರೆ ಅಲ್ಲಿ ತುಕ್ಕು ತಿಂದಿದೆ. ತುಕ್ಕು ತಿಂದ ತಂತಿ ಒಂದು ಕಡೆ ಹಗುರ, ಒಂದು ಕಡೆ ಭಾರ. ಅಂತಹ ತಂತಿಯ ಉಪಸ್ವರಗಳು ಮುಖ್ಯ ಸ್ವರಕ್ಕೆ ಹೊಂದುವುದೇ ಇಲ್ಲ. ಎಷ್ಟು ತಿರುವಿದರೂ ಶ್ರುತಿ ಸೇರದೆ, ತಮ್ಮ ಕಿವಿಯೇ ಕೆಟ್ಟಿತೆಂದು ಕೊರಗಿದವರನ್ನು ನಾವು ಕಂಡಿದ್ದೇವೆ. ಕೆಟ್ಟುದು ಕಿವಿಯಲ್ಲ.

ಇನ್ನು ಕೆಲಸಕ್ಕೆ ಕೂರೋಣ. ಹಗಲು ಬೆಳಕಿನಲ್ಲಿ ಜಮಖಾನೆ ಹಾಸಿ, ಮೇಲೊಂದು ಬಿಳಿಯ ಪಂಚೆ ಹರಡಿ, ತಂಬೂರಿಯನ್ನು ಮಲಗಿಸಿಕೊಳ್ಳಬೇಕು. ಬಿಳಿಯ ಬಟ್ಟೆ ಏಕೆಂದರೆ, ಕತ್ತರಿಸಿದ ತಂತಿಯ ತುಂಡುಗಳು ಸೂಜಿಗಿಂತ ಕ್ರೂರ. ಬರಿಗಾಲಿನಲ್ಲಿ ಓಡಾಡುವ, ಕೂಸು ತೆವಳುವ ಮನೆಯಲ್ಲಿ ಒಂದು ತುಂಡೂ ಕಣ್ತಪ್ಪಬಾರದು. ಒಂದು ಇಕ್ಕಳ, ಒಂದು ಸೀಮೆಸುಣ್ಣದ ತುಂಡು, ಒಂದು ಒಣ ಬಟ್ಟೆ, ಹತ್ತಿಯ ದಾರ, ತುಂಡುಗಳನ್ನು ಹಾಕಲು ಒಂದು ಬಟ್ಟಲು. ಇದಕ್ಕಿಂತ ಹೆಚ್ಚು ಸಾಮಗ್ರಿ ಬೇಡ.

ಹಳೆಯ ತಂತಿಯನ್ನು ಬಿಗಿಯಾಗಿರುವಾಗಲೇ ಕತ್ತರಿಸಕೂಡದು. ಅದು ಹಾವಿನಂತೆ ಸಿಡಿದು ಮುಖಕ್ಕೆ ಬಡಿಯುವುದು. ಬಿರಡೆಯನ್ನು ತಿರುವಿ ಪೂರ್ತಿ ಸಡಿಲಿಸಿದ ಮೇಲೆ, ಅದು ಬಿರಡೆಗೆ ಯಾವ ಕಡೆಯಿಂದ ಸುತ್ತಿಕೊಂಡಿದೆ, ದಂಡಿಯ ತುದಿಯ ಪಟ್ಟಿಯಲ್ಲಿ ಯಾವ ತೂತಿನಿಂದ ಹಾಯ್ದಿದೆ ಎಂಬುದನ್ನು ಚೆನ್ನಾಗಿ ನೋಡಿಕೊಂಡು ಆ ಬಳಿಕ ಬಿಚ್ಚಬೇಕು. ಹೊಸ ತಂತಿಗೆ ಹಳೆಯ ತಂತಿಯೇ ಗುರು. ಕುದುರೆಯ ಕೆಳಗಡೆ ತಂತಿಗೆ ಪೋಣಿಸಿರುವ ಮಣಿಯನ್ನು ತೆಗೆದು ಬಟ್ಟಲಿನಲ್ಲಿಟ್ಟುಕೊಳ್ಳಿರಿ. ಈ ಮಣಿಯನ್ನು ಮರೆಯದವರು ಯಾರೂ ಇಲ್ಲ. ಎಲ್ಲವನ್ನೂ ಕಟ್ಟಿ ಬಿಗಿದ ಮೇಲೆ ಬಟ್ಟಲಿನಲ್ಲಿ ಮಣಿ ನಗುತ್ತಿರುವುದು. ಮತ್ತೆ ಬಿಚ್ಚಿ ಮೊದಲಿನಿಂದ ಕಟ್ಟಬೇಕಾಗುವುದು. ನಮಗೆ ಇದು ಎಷ್ಟು ಬಾರಿ ಆಗಿದೆಯೆಂದು ಲೆಕ್ಕವಿಡುವುದನ್ನು ಬಿಟ್ಟಿದ್ದೇವೆ.

ಹೊಸ ತಂತಿಯ ಸುರುಳಿಯನ್ನು ಒಮ್ಮೆಗೇ ಬಿಡದೆ ಕೈಯಿಂದ ಕೈಗೆ ಬಿಡಿಸಿಕೊಳ್ಳಬೇಕು. ಎಲ್ಲಿಯಾದರೂ ಮಡಿಸಿಕೊಂಡರೆ ಆ ಮಡಿಕೆಯಲ್ಲಿಯೇ ಅದು ನಾಳೆ ಕಡಿಯುವುದು. ಮಡಿಸಿದುದನ್ನು ತಿದ್ದಿ ನೇರಮಾಡಿದರೆ ಲೋಹ ಇನ್ನಷ್ಟು ಪೆಡಸಾಗುವುದೇ ಹೊರತು ಗಟ್ಟಿಯಾಗುವುದಿಲ್ಲ. ತುದಿಯನ್ನು ನಾಲ್ಕು ಬೆರಳುದ್ದ ಮಡಿಸಿ, ಮಡಿಕೆಯನ್ನು ಒಂದು ಮೊಳೆಗೆ ಸಿಕ್ಕಿಸಿ, ಎರಡು ಎಳೆಗಳನ್ನೂ ಒಂದರ ಮೇಲೊಂದು ಏಳೆಂಟು ಸುತ್ತು ಬಿಗಿಯಾಗಿ ಹೆಣೆದರೆ ಕುಣಿಕೆಯಾಯಿತು. ಒಂದೆಳೆ ನೇರವಾಗಿದ್ದು ಇನ್ನೊಂದು ಅದನ್ನು ಸುತ್ತಿದರೆ ಎಳೆತಕ್ಕೆ ಜಾರಿಬಿಡುವುದು. ಎರಡೂ ಸಮನಾಗಿ ಹೆಣೆದುಕೊಳ್ಳಬೇಕು, ಜಡೆಯ ಹಾಗೆ. ಈ ಕುಣಿಕೆಯನ್ನು ಬುರುಡೆಯ ಅಂಚಿನಲ್ಲಿ ತಂತಿ ಸಿಕ್ಕಿಸುವ ಕಡೆ ತೊಡಿಸಿ, ಮಣಿಯನ್ನು ಪೋಣಿಸಿ, ಕುದುರೆಯ ಮೇಲಿಂದ ದಂಡಿಯುದ್ದಕ್ಕೂ ಒಯ್ದು, ಮೇಲಿನ ಪಟ್ಟಿಯ ತೂತಿನಲ್ಲಿ ಹಾಯಿಸಿ ಬಿರಡೆಗೆ ತರಬೇಕು. ಬಿರಡೆಯ ರಂಧ್ರದಲ್ಲಿ ತುದಿಯನ್ನು ತೂರಿಸಿ, ಮೊದಲ ಒಂದೆರಡು ಸುತ್ತು ಆ ತುದಿಯ ಮೇಲೆಯೇ ಬರುವಂತೆ ತಿರುವಿದರೆ ತಂತಿ ತನ್ನನ್ನು ತಾನೇ ಹಿಡಿದುಕೊಳ್ಳುವುದು. ಒಬ್ಬರು ಕೆಳಗಿನ ಕುಣಿಕೆ ಕಳಚದಂತೆ ಬೆರಳೊತ್ತಿ ಹಿಡಿದಿದ್ದರೆ ಇನ್ನೊಬ್ಬರು ಬಿರಡೆ ತಿರುವಬಹುದು. ಮನೆಯಲ್ಲಿ ಸುಮ್ಮನೆ ಕೂತಿರುವ ಗಂಡಸರಿಗೆ ಇದು ತಕ್ಕ ಉದ್ಯೋಗ.

ಬಿರಡೆಯನ್ನು ಬರಿದೆ ತಿರುವಿದರೆ ಸಾಲದು. ತಿರುವುತ್ತ ಒಳಕ್ಕೆ ಒತ್ತಬೇಕು. ಬೇಸಿಗೆಯಲ್ಲಿ ಮರ ಒಣಗಿ ಬಿರಡೆ ಜಾರುವುದುಂಟು. ಆಗ ಅದನ್ನು ಹೊರತೆಗೆದು ಸೀಮೆಸುಣ್ಣ ಸವರಿದರೆ ನಿಲ್ಲುವುದು. ಮಳೆಗಾಲದಲ್ಲಿ ಉಬ್ಬಿ ಕಚ್ಚಿಕೊಳ್ಳುವುದು. ಆಗ ಇಕ್ಕಳ ಹಾಕಿ ತಿರುಚಿದರೆ ಬಿರಡೆಯ ಕತ್ತು ಮುರಿಯುವುದು ಖಂಡಿತ. ಮೆಲ್ಲನೆ ಹಿಂದಕ್ಕೂ ಮುಂದಕ್ಕೂ ಆಡಿಸಿ ಬಿಡಿಸಿಕೊಳ್ಳಬೇಕು. ಎಣ್ಣೆಯನ್ನಂತೂ ಎಂದಿಗೂ ಬಿಡಬಾರದು.

ಮೊದಲು ಸಾರಣಿಯನ್ನು ಹಾಡುವವರ ಷಡ್ಜಕ್ಕೆ ಏರಿಸಿ, ಅನುಸಾರಣಿಯನ್ನು ಅದಕ್ಕೆ ಕೂಡಿಸಬೇಕು. ಎರಡೂ ಸ್ವಲ್ಪ ಬೇರೆಯಾಗಿದ್ದರೆ ಅಲೆಯಲೆಯಾಗಿ ದನಿ ಏರಿಳಿಯುವುದು ಕೇಳುವುದು. ಹತ್ತಿರವಾದಂತೆ ಅಲೆ ನಿಧಾನವಾಗಿ, ಕೊನೆಗೆ ನಿಂತುಹೋಗುವುದು. ಬಿರಡೆಯಿಂದ ಸ್ಥೂಲವಾಗಿ ಸೇರಿಸಿ, ಉಳಿದ ಎಳ್ಳಷ್ಟನ್ನು ಮಣಿಯಿಂದ ತಿದ್ದಬೇಕು: ಮಣಿಯನ್ನು ಕುದುರೆಯಿಂದ ದೂರಕ್ಕೆ, ಬುರುಡೆಯ ಅಂಚಿನ ಕಡೆಗೆ, ಒತ್ತಿದರೆ ದನಿ ಏರುವುದು, ಹತ್ತಿರಕ್ಕೆ ತಂದರೆ ಇಳಿಯುವುದು. ಬಳಿಕ ಮಂದರ ಷಡ್ಜ, ಕೊನೆಗೆ ಪಂಚಮ. ಹೊಸ ತಂತಿ ಮೊದಲ ದಿನ ನಿಲ್ಲುವುದಿಲ್ಲ. ಕುಣಿಕೆಯೂ ಬಿರಡೆಯ ಸುತ್ತುಗಳೂ ಬಿಗಿದುಕೊಳ್ಳುವವರೆಗೆ ಇಳಿಯುತ್ತಲೇ ಇರುವುದು. ಆದುದರಿಂದ ಕಛೇರಿಯ ದಿನವೋ ಹಬ್ಬದ ಬೆಳಗ್ಗೆಯೋ ತಂತಿ ಕಟ್ಟಲು ಕೂರುವುದು ಅವಿವೇಕ; ಎರಡು ಮೂರು ದಿನ ಮೊದಲೇ ಕಟ್ಟಿಡಬೇಕು.

ಇಷ್ಟೆಲ್ಲ ಆದರೂ ತಂಬೂರಿ ಇನ್ನೂ ಒಣಗಿದಂತೆಯೇ ನುಡಿಯುತ್ತಿರುತ್ತದೆ. ಈಗ ಬರಬೇಕಾದುದು ದಾರ. ನಾವು ಕಸವೆಂದು ಬಗೆದ ಆ ತುಣುಕಿಗೆ ಜೀವಾಳಿಯೆಂದು ಹೆಸರು. ಹತ್ತಿಯದೋ ರೇಷ್ಮೆಯದೋ ಒಂದೆಳೆಯನ್ನು ತಂತಿಗೂ ಕುದುರೆಯ ಬೆನ್ನಿಗೂ ನಡುವೆ ಸಿಕ್ಕಿಸಿ, ತಂತಿಯನ್ನು ಮೀಟುತ್ತ, ಎಳೆಯನ್ನು ಅಕ್ಕಿಕಾಳಿನಷ್ಟು ಮುಂದಕ್ಕೂ ಹಿಂದಕ್ಕೂ ಸರಿಸುತ್ತ ಹೋಗಬೇಕು. ಒಂದು ಕಡೆ ಇದ್ದಕ್ಕಿದ್ದಂತೆ ದನಿ ಅರಳುವುದು. ಬಾಯಿ ಮುಚ್ಚಿಕೊಂಡಿದ್ದವರು ತೆರೆದು ಹಾಡಿದಂತೆ. ಅದೇ ಅದರ ಸ್ಥಾನ. ಒಂದೊಂದು ತಂತಿಗೂ ಆ ಸ್ಥಾನ ಬೇರೆ. ಕಣ್ಣಿನಿಂದ ಅಳೆದು ನಾಲ್ಕನ್ನೂ ಒಂದೇ ಗೆರೆಯಲ್ಲಿ ಇಟ್ಟರೆ ಪ್ರಯೋಜನವಿಲ್ಲ. ನಾಲ್ಕೂ ಸರಿಯಾಗಿ ಕೂತು ಶ್ರುತಿ ಕೂಡಿದರೆ, ಮಂದರದ ತಂತಿಯಿಂದ ಯಾರೂ ಕಟ್ಟದ ಸ್ವರವೊಂದು ಮೇಲೆ ತೇಲಿಬರುವುದು. ಅದು ಅಂತರ ಗಾಂಧಾರ. ತಂತಿಯ ಐದನೆಯ ಭಾಗದಲ್ಲಿ ಹುಟ್ಟುವ ಉಪಸ್ವರ. ತಾನಾಗಿ ಹುಟ್ಟುವುದರಿಂದ ಹಿರಿಯರು ಇದನ್ನು ಸ್ವಯಂಭು ಗಾಂಧಾರವೆನ್ನುವರು. ಅದು ಕೇಳಿದರೆ ಕೆಲಸ ಸರಿಯಾಯಿತೆಂದು ತಿಳಿಯಬಹುದು. ಕೇಳದಿದ್ದರೆ ಇನ್ನೂ ಸ್ವಲ್ಪ ಕೂರಬೇಕು.

ಧಾರವಾಡ ಹುಬ್ಬಳ್ಳಿಗಳ ಕಡೆಯ ಸೋದರಿಯರು ತಮ್ಮ ತಂಬೂರಿ ಹೀಗಿಲ್ಲವೆನ್ನಬಹುದು. ನಿಜ. ಅಲ್ಲಿ ಮಿರಜದಲ್ಲಿ ಮಾಡಿದ ತಂಬೂರಿಗಳೇ ಹೆಚ್ಚು. ಬುರುಡೆ ಮರದ್ದಲ್ಲ, ಒಣಗಿಸಿದ ದೊಡ್ಡ ಸೋರೆಯದು. ಪೆಟ್ಟು ತಾಗಿದರೆ ಮಡಕೆಯಂತೆ ಬಿರಿಯುವುದರಿಂದ ಇನ್ನೂ ಎಚ್ಚರ ಬೇಕು. 1937ರಲ್ಲಿ ತೀರಿಕೊಂಡ ಅಬ್ದುಲ್ ಕರೀಂ ಖಾನರು ನೆಲೆಸಿದ್ದುದು ಆ ಮಿರಜದಲ್ಲಿಯೇ. ಅವರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರ ಮೂಲಕ ಆ ಗಾನ ಗಂಗೂಬಾಯಿ ಹಾನಗಲ್ಲರಿಗೂ ಭೀಮಸೇನ ಜೋಶಿಯವರಿಗೂ ಬಂದಿತು. ಮಿರಜದ ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆತಿದೆ. ತಂತಿ ಕಟ್ಟುವ ಕ್ರಮ ಮಾತ್ರ ಅಲ್ಲಿಗೂ ಇಲ್ಲಿಗೂ ಹೆಚ್ಚು ಬೇರೆಯಲ್ಲ.

ಮಂಗಳೂರು, ಉಡುಪಿ, ಕಾರವಾರಗಳ ಕಡೆ ಉಪ್ಪುಗಾಳಿಗೆ ಉಕ್ಕಿನ ತಂತಿ ಬೇಗನೆ ತುಕ್ಕು ಹಿಡಿಯುವುದು. ಎಲ್ಲಿಯೇ ಆಗಲಿ, ಮೀಟಿ ಮುಗಿಸಿದ ಮೇಲೆ ಒಣ ಬಟ್ಟೆಯಿಂದ ತಂತಿಗಳನ್ನು ಒಮ್ಮೆ ಒರೆಸಿ ಗವುಸು ಹಾಕಿದರೆ ಬಾಳಿಕೆ ಹೆಚ್ಚು; ಬೆರಳ ಬೆವರೇ ತುಕ್ಕಿಗೆ ಮೊದಲ ಬೀಜ. ಅಡಿಗೆಮನೆಯ ಹಬೆ ತಾಗುವ ಗೋಡೆಗೆ ತಂಬೂರಿಯನ್ನು ಒರಗಿಸಬಾರದು.

ಅತ್ತೆ ಆ ಮೇಲೆ ಬಹುಕಾಲ ಬದುಕಿದರು. ಕೊನೆಯ ವರ್ಷಗಳಲ್ಲಿ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಆದರೂ ತಂತಿಯನ್ನು ಅವರೇ ಕಟ್ಟುವರು. ನಾವು ಕುಣಿಕೆಯನ್ನು ಒತ್ತಿ ಹಿಡಿಯುವೆವು. ಮಣಿಯನ್ನು ಮರೆಯಬಾರದೆಂದು ಬಾಯಲ್ಲಿಟ್ಟುಕೊಂಡು ಕೂರುವರು; ಆದುದರಿಂದ ಆ ಹೊತ್ತಿನಲ್ಲಿ ಅವರೊಡನೆ ಮಾತಾಡುವಂತಿರಲಿಲ್ಲ. ಅವರು ಹೋದ ಮೇಲೆ ತಂಬೂರಿ ನಮ್ಮ ಮನೆಯಲ್ಲಿಯೇ ನಿಂತಿತು. ಮೀಟುವವರಿಲ್ಲದೆ ಗವುಸು ಹೊದೆದು, ನಾವು ಈ ಬರಹದ ಮೊದಲಲ್ಲಿ ಹಳಿದ ಮನೆಗಳಲ್ಲಿ ನಮ್ಮದೂ ಒಂದಾಯಿತು.

ಕಳೆದ ನವರಾತ್ರಿಗೆ ನಮ್ಮ ತಮ್ಮನ ಮೊಮ್ಮಗಳು ಬಂದಿದ್ದಳು. ಹಾಡು ಕಲಿಯುತ್ತಿರುವ ಹುಡುಗಿ. ಇಷ್ಟು ದಿನವೂ ಪೆಟ್ಟಿಗೆಯ ಶ್ರುತಿಗೇ ಹಾಡಿದವಳು. ಗವುಸು ತೆಗೆದು, “ಅಜ್ಜಿ, ಇದಕ್ಕೆ ತಂತ�ಿ ಕಟ್ಟೋಣವೆ?” ಎಂದಳು. ಅವಳು ನಾಲ್ಕು ಬಿರಡೆಗೂ ಒಟ್ಟಿಗೆ ಕೈಹಾಕಹೊರಟಾಗ ಮಾತ್ರ ನಾವು ತಡೆದೆವು. ಉಳಿದುದನ್ನೆಲ್ಲ ಅವಳೇ ಮಾಡಿದಳು. ಸಾರಣಿಗೆ ಮಣಿ ಹಾಕುವುದನ್ನು ಮರೆತು ಎರಡನೆಯ ಸಲ ಕಟ್ಟಿದಳು. ದಾರವನ್ನು ಸರಿಸುತ್ತ ಸರಿಸುತ್ತ ಸಂಜೆಯಾಯಿತು. ದೀಪ ಹಚ್ಚುವ ಹೊತ್ತಿಗೆ ಮಂದರದ ಮೇಲೆ ಗಾಂಧಾರ ಕೇಳಿತು. ಅದು ಏನೆಂದು ಅವಳಿಗೆ ತಿಳಿಯದೆ, ಒಳಗೆ ಯಾರಾದರೂ ಹಾಡುತ್ತಿರುವರೇ ಎಂದು ತಿರುಗಿ ನೋಡಿದಳು.

ತಂಬೂರಿಯನ್ನು ಅವಳು ತನ್ನ ಊರಿಗೆ ಒಯ್ದಿದ್ದಾಳೆ. ಅನುಸಾರಣಿ ಮೊನ್ನೆ ಕಡಿಯಿತಂತೆ. ಎರಡನೆಯದನ್ನು ನಾವು ಗವುಸಿನ ಜೇಬಿನಲ್ಲಿ ಇಟ್ಟು ಕಳುಹಿಸಿದ್ದೆವು.